ಕತ್ತರಿಯಮ್ಮನ ಸೈಕಲ್ ದಾರಿ

ಬಟ್ಟೆ ಕತ್ತರಿಸುವ ಕೆಲಸದಿಂದ ತನಗೆ ಕತ್ತರಿಯಮ್ಮ ಅಂತ ಹೆಸರು ಬಂತು ಎಂದು ಅವಳು ಹೇಳಿಕೊಳ್ಳುತ್ತಾಳೆ. ಬೀದಿಯವರನ್ನು ಕೇಳಿ ನೋಡಿ, ಬಿದ್ದು ಬಿದ್ದು ನಗುತ್ತಾರೆ. ಅವಳ ಬಾಯಿಗೆ ಸಿಕ್ಕಿ ತುಂಡಾಗದವರು ಆ ಬೀದಿಯಲ್ಲಿ ಒಬ್ಬರೂ ಇಲ್ಲ. ಪ್ಯಾಂಟಿನ ಸೊಂಟ ಬಿಡಿಸಲು ಬಂದು ಊರ ಉಸಾಬರಿ ಮಾತಾಡುತ್ತ ನಿಂತವನಿಗೆ, "ಸೊಂಟ ಬಿಡಿಸಿಕೊಡ್ತೀನಿ, ಮುಂದಿನ ಸಲ ಬರೋವಾಗ ಬಾಯಿಗೊಂದು ಜಿಪ್ಪು ಹಾಕಿಸ್ಕೊಂಡು ಬಾ" ಎಂದು ಹೇಳಿ ಕಳಿಸಿದವಳು. ಹಾಗಂತ ಗಿರಾಕಿಗಳೇನೂ ಕಡಿಮೆಯಾಗಲಿಲ್ಲ. ಹರಿದದ್ದನ್ನು ಹರಿದಿತ್ತು ಎಂದೇ ಗೊತ್ತಾಗದ ಹಾಗೆ ಹೊಲಿದುಕೊಡುವ ಕೈ ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಬೈಸಿಕೊಂಡೇ ಬರುತ್ತಿದ್ದರು, ಬೈಸಿಕೊಂಡೇ ಹೋಗುತ್ತಿದ್ದರು.

ಅಂಗಡಿ ಅಂದರೆ ಒಂದೇ ಕೋಣೆ. ಬಾಗಿಲ ಪಕ್ಕದಲ್ಲಿ ಕಾಲಿನಿಂದ ತುಳಿಯುವ ಹಳೇ ಹೊಲಿಗೆ ಮಿಷನ್, ಗೋಡೆಗೊತ್ತಿ ಇಸ್ತ್ರಿಯ ಮೇಜು, ಮೊಳೆಗೆ ನೇತುಬಿದ್ದ ಟೇಪು, ನೆಲದ ತುಂಬ ದಾರದ ತುಂಡು. ಹಿಂದಿನ ಹೊಸ್ತಿಲು ದಾಟಿದರೆ ಮನೆ. ಮನೆಯಲ್ಲಿ ಅವಳು, ಅವಳ ಗಂಡ. ಮಗಳು ಮದುವೆಯಾಗಿ ದೂರ ಹೋಗಿದ್ದಳು. ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಎರಡು ಅಂತಸ್ತಿನ ನಡುವೆ ಸಿಕ್ಕಿಹಾಕಿಕೊಂಡು ಬೊಬ್ಬೆ ಹೊಡೆಯುವವರನ್ನು ಬಿಡಿಸಿ ಮನೆಗೆ ಕಳಿಸುವುದೇ ಅವನ ಕೆಲಸ. ಮಾತು ಕಮ್ಮಿ. "ನನ್ನ ಪಾಲಿನ ಮಾತನ್ನೂ ಅವಳೇ ಆಡಿಬಿಡ್ತಾಳೆ, ನನಗೇನು ಉಳಿದಿದೆ" ಅನ್ನುತ್ತಿದ್ದ.

ಅಂಥ ಮನುಷ್ಯ ಕೆಲಸದಿಂದ ನಿವೃತ್ತನಾದ ಮೇಲೆ ತಾನೇ ಸಿಕ್ಕಿಹಾಕಿಕೊಂಡ. ಮೊದಲು ಕೈ ನಡುಗಿತು. ಆಮೇಲೆ ದನಿ ಇಳಿಯಿತು, ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು. ಆಮೇಲೆ ಕಾಲು. ನಡೆಯುತ್ತ ನಡೆಯುತ್ತ ಹೊಸ್ತಿಲ ಹತ್ತಿರ ಬಂದರೆ ಸಾಕು, ಪಾದ ನೆಲಕ್ಕೆ ಅಂಟಿಬಿಡುತ್ತಿತ್ತು. ಪಾಪ, ಅವನು ಏನು ಮಾಡಿದರೂ ಏಳುತ್ತಿರಲಿಲ್ಲ. ಡಾಕ್ಟರು ಪಾರ್ಕಿನ್ಸನ್ ಕಾಯಿಲೆ ಎಂದರು. ಕಾಲಿಗೇನೂ ಆಗಿಲ್ಲ, ಹೊರಡು ಅನ್ನುವ ಅಪ್ಪಣೆ ತಲೆಯಿಂದ ಕಾಲಿಗೆ ಮುಟ್ಟುತ್ತಿಲ್ಲ, ಎದುರಿಗೆ ದಾಟುವುದಕ್ಕೆ ಏನಾದರೂ ಅಡ್ಡ ಕಂಡರೆ ಕೆಲವರಿಗೆ ಕಾಲು ಏಳುತ್ತದೆ, ಒಂದು ಗೆರೆಯಾದರೂ ಸರಿ, ಒಂದು ಕೋಲಾದರೂ ಸರಿ, ಎಂದರು. ಕತ್ತರಿಯಮ್ಮನಿಗೆ ತಟ್ಟನೆ ಅರ್ಥವಾಯಿತು. ಅವಳ ಹೊಲಿಗೆ ಮಿಷನ್ನೂ ಹಾಗೆಯೇ. ಎಷ್ಟೇ ತುಳಿಯಿರಿ, ಮೊದಲು ಕೈಯಿಂದ ಚಕ್ರಕ್ಕೊಂದು ತಳ್ಳು ಕೊಡದಿದ್ದರೆ ಹೊರಡುವುದಿಲ್ಲ, ಹೊರಟ ಮೇಲೆ ಅದರ ಪಾಡಿಗೆ ಅದು ಓಡುತ್ತದೆ. ಅಂದಿನಿಂದ ಅವನು ಎಲ್ಲಿ ಅಂಟಿಕೊಂಡು ನಿಂತರೂ ಇವಳು ಹೋಗಿ ತನ್ನ ಪಾದವನ್ನು ಅವನ ಪಾದದ ಮುಂದೆ ಅಡ್ಡ ಇಡುತ್ತಿದ್ದಳು. ಅವನು ಅದನ್ನು ದಾಟುವುದಕ್ಕೆ ಕಾಲೆತ್ತುತ್ತಿದ್ದ, ಹೊರಟುಬಿಡುತ್ತಿದ್ದ.

ದೂರದಿಂದ ನೋಡಿದವರಿಗೆ ಇದು ಹೇಗೆ ಕಂಡೀತು, ನೀವೇ ಹೇಳಿ. ಕಾಯಿಲೆಯ ಗಂಡ, ಅವನ ಕಾಲಿಗೆ ಕಾಲು ಅಡ್ಡ ಕೊಡುವ ಹೆಂಡತಿ! "ಬೀಳಿಸಿ ಸಾಯಿಸ್ಬೇಕು ಅಂತಾನೇ ಇದ್ದಾಳೆ ಪಾಪಿ" ಎಂದು ಎದುರಿನ ಔಷಧಿ ಅಂಗಡಿಯವಳು ಬಂದವರಿಗೆಲ್ಲ ಮಾತ್ರೆಯ ಜೊತೆ ಈ ಸುದ್ದಿಯನ್ನೂ ಕಟ್ಟಿಕೊಡುತ್ತಿದ್ದಳು. ಕತ್ತರಿಯಮ್ಮನ ಕಿವಿಗೂ ಬಿತ್ತು. ಹೀಗೆ ಹೀಗೆ ಅಂತ ಒಂದು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಬೇಕಲ್ಲ! "ನನ್ನ ಗಂಡನ ಕಾಲಿನ ವಿಷಯ ಇವರಿಗೆ ನಾನ್ಯಾಕೆ ಒಪ್ಪಿಸ್ಲಿ" ಎಂದು ಮೂಗು ಮುರಿದಳು. ಆ ಸೊಕ್ಕು ಮುಂದೆ ಅವಳಿಗೇ ಮುಳುವಾಯಿತು.

ಒಂದು ಬೆಳಿಗ್ಗೆ ಅವಳು ಇಸ್ತ್ರಿ ಹಾಕುತ್ತಿದ್ದಳು. ಗಂಡ ಬಾಗಿಲಾಚೆ ನಿಲ್ಲಿಸಿದ್ದ ಮಗಳ ಹಳೇ ಸೈಕಲನ್ನು ಹಿಡಿದುಕೊಂಡು ನಿಂತಿದ್ದ. ಒರೆಸುತ್ತಿದ್ದಾನೆ ಅಂದುಕೊಂಡಳು. ತಲೆ ಎತ್ತಿ ನೋಡಿದರೆ ಮನುಷ್ಯ ಇಲ್ಲ, ಸೈಕಲ್ಲೂ ಇಲ್ಲ! ಜೀವ ಬಾಯಿಗೆ ಬಂತು. ಬೀದಿಗೆ ಓಡಿದರೆ, ಅಗೋ ಅಲ್ಲಿ, ಬೀದಿಯಂಚಿಗೆ ಹಸಿರು ಬಣ್ಣ ಬಳಿದ ಸೈಕಲ್ ದಾರಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು ತುಳಿಯುತ್ತ ಹೋಗುತ್ತಿದ್ದಾನೆ. ಹೊಸ್ತಿಲು ದಾಟಲಾಗದವನು! ತಿರುವಿನವರೆಗೆ ಹೋಗಿ, ತಿರುಗಿ, ಗಂಟೆ ಬಾರಿಸುತ್ತ ಬಂದ. ಅವಳು ಸೈಕಲ್ಲಿನ ಹಿಂಭಾಗ ಹಿಡಿದು ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದಳು. ಬೈಯುತ್ತ ಬೈಯುತ್ತ ಅತ್ತಳು. ಡಾಕ್ಟರನ್ನು ಕೇಳಿದರೆ, ಹೌದಮ್ಮ, ನಡೆಯಲಾಗದ ಕೆಲವರು ಸೈಕಲ್ ಚೆನ್ನಾಗಿ ತುಳೀತಾರೆ, ನಮಗೂ ಆಶ್ಚರ್ಯವೇ, ಎಂದರು.

ಅಲ್ಲಿಂದ ಮುಂದೆ ಅದೇ ಅವನ ದಿನಚರಿ. ಬೆಳಿಗ್ಗೆ ಹೆಂಡತಿ ಹತ್ತಿಸಿ ಕಳಿಸುತ್ತಿದ್ದಳು. ಸೈಕಲ್ ದಾರಿಯ ಆಚೆ ತುದಿಯ ಚಹಾ ಅಂಗಡಿಯ ಹತ್ತಿರ ಅವನ ಜೊತೆ ಲಿಫ್ಟಿನ ಕೆಲಸ ಮಾಡಿದ ಗೆಳೆಯ ಹಿಡಿದು ಇಳಿಸಿಕೊಳ್ಳುತ್ತಿದ್ದ. ಒಂದು ಚಹಾ, ಹಳೇ ಮಾತು, ಮತ್ತೆ ವಾಪಸ್ಸು. ಅಷ್ಟು ಹೊತ್ತು ಅವನು ರೋಗಿಯಲ್ಲ. ಒಂದೇ ಒಂದು ತೊಂದರೆ: ನಡುವೆ ನಿಲ್ಲುವ ಹಾಗಿಲ್ಲ. ತಟ್ಟನೆ ನಿಲ್ಲಬೇಕಾಗಿ ಬಂದರೆ ಕಾಲು ಕೆಳಗಿಡಲಾಗದೆ ಸೈಕಲ್ ಸಮೇತ ಉರುಳುವುದೇ. ಕಾರುಗಳ ನಡುವೆ ಅವನನ್ನು ಬಿಡುವುದು ಅಂದರೆ ಸಾಯಲು ಬಿಟ್ಟ ಹಾಗೆ. ರಬ್ಬರಿನ ಗೂಟ ನೆಟ್ಟು, ಕಾರು ನುಗ್ಗದ ಹಾಗೆ ಮಾಡಿದ್ದ ಆ ಹಸಿರು ಪಟ್ಟಿ ಇದ್ದರೆ ಮಾತ್ರ ಅವನಿಗೆ ಮನೆಯಾಚೆ ಅನ್ನುವುದು ಇತ್ತು.

ತಮಾಷೆ ಏನು ಗೊತ್ತೇ? ಆ ಹಸಿರು ಪಟ್ಟಿ ಬರುವಾಗ ಅದನ್ನು ಇಡೀ ಬೀದಿಯಲ್ಲಿ ಎಲ್ಲರಿಗಿಂತ ಜೋರಾಗಿ ಬೈದವಳು ಕತ್ತರಿಯಮ್ಮನೇ. "ನನ್ನ ಗಿರಾಕಿ ಕಾರು ಎಲ್ಲಿ ನಿಲ್ಲಿಸ್ಬೇಕು, ನನ್ನ ತಲೆ ಮೇಲಾ?" ಎಂದು ಬಣ್ಣ ಬಳಿಯುವವರ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಆವತ್ತು ಅವಳ ಬೆನ್ನಿಗೆ ನಿಂತವನು ಅವಳ ತಮ್ಮ. ಬೀದಿಯ ಮೂಲೆಯಲ್ಲಿ ಅವನದು ದೊಡ್ಡ ಸೋಫಾ ಅಂಗಡಿ, ಎಲ್ಲರೂ ಅವನನ್ನು ಸೋಫಾ ಸಾಹುಕಾರ ಅನ್ನುತ್ತಾರೆ. ಅವನು ಮಾರಿದ ಮೊಟ್ಟಮೊದಲ ಸೋಫಾಕ್ಕೆ ಹೊದಿಕೆ ಹೊಲಿದುಕೊಟ್ಟವಳು ಈ ಅಕ್ಕ. ಆದರೆ ಈಗ ಅದೇ ಸೈಕಲ್ ದಾರಿಯನ್ನು ಕಿತ್ತುಹಾಕಿ ಕಾರು ನಿಲ್ಲಿಸಲು ಜಾಗ ಮಾಡಿ ಎಂದು ವರ್ತಕರ ಸಂಘ ಕಟ್ಟಿಕೊಂಡು ಮುಂದೆ ನಿಂತವನೂ ಆ ತಮ್ಮನೇ.

ಅವಳು ನೇರ ಅವನ ಅಂಗಡಿಗೆ ಹೋದಳು. ಗಿರಾಕಿಗಳ ಎದುರಿಗೇ ಕೇಳಿದಳು.

"ಏನೋ, ನಿನ್ನ ಸೋಫಾ ಮಾರೋಕೆ ನಿನ್ನ ಭಾವನ್ನ ಮನೇಲಿ ಕೂಡಿ ಹಾಕ್ತೀಯೇನೋ?"

"ಅಕ್ಕ, ಆವತ್ತು ನೀನೇ ತಾನೇ ಬೇಡ ಬೇಡ ಅಂತ ಎಗರಾಡಿದ್ದು? ಈಗ ನಿನಗೆ ಬೇಕಾಯ್ತು ಅಂತ ಊರಿಗೆಲ್ಲ ಬೇಕಾ?"

"ಆವತ್ತು ನನಗೆ ಬುದ್ಧಿ ಇರಲಿಲ್ಲ. ನಿನಗೆ ಇವತ್ತೂ ಇಲ್ಲ."

"ನೋಡು, ಅಕ್ಕ ಅಂತ ಸುಮ್ಮನಿದ್ದೀನಿ..."

"ಸುಮ್ಮನಿರಬೇಡ. ಮಾತಾಡು. ಅಕ್ಕ ಅನ್ನೋದನ್ನ ಬಿಟ್ಟು ಮಾತಾಡು!" ಎಂದು ಅವಳು ಅಲ್ಲಿದ್ದ ಕುರ್ಚಿಯನ್ನು ಕಾಲಿಂದ ತಳ್ಳಿ ಹೊರಬಂದಳು. ಅವತ್ತಿಗೆ ಅಕ್ಕ ತಮ್ಮನ ನಡುವೆ ಮಾತು ನಿಂತಿತು.

ಸೈಕಲ್ ದಾರಿ ಉಳಿಯಬೇಕು ಅನ್ನುವವರೇನೂ ಕಡಿಮೆ ಇರಲಿಲ್ಲ. ಆಸ್ಪತ್ರೆಗೆ ಪಾಳಿಗೆ ಹೋಗುವ ನರ್ಸ್ ಒಬ್ಬಳು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವ ತಾಯಂದಿರು, ಬೆನ್ನಿಗೆ ಡಬ್ಬಿ ಹೊತ್ತು ಊಟ ಮುಟ್ಟಿಸುವವರು, ಕಾಲೇಜಿನವರು. ಅವರೆಲ್ಲ ಸೇರಿ ಸಹಿ ಹಾಕಿಸುತ್ತಿದ್ದರು, ಸಂಜೆ ಹೊತ್ತು ಹಸಿರು ಪಟ್ಟಿಯ ಉದ್ದಕ್ಕೂ ಕೈ ಕೈ ಹಿಡಿದು ಹಾಡು ಹೇಳುತ್ತ ನಿಲ್ಲುತ್ತಿದ್ದರು. ಕಾರಿನವರು ಕಿಟಕಿ ಇಳಿಸಿ ಉಗಿದು ಹೋಗುತ್ತಿದ್ದರು. ಯಾರೋ ಒಬ್ಬ ದಾರಿಯ ತುಂಬ ಒಡೆದ ಬಾಟಲಿ ಸುರಿದು ಹೋದ. ಕತ್ತರಿಯಮ್ಮ ಅವರ ಜೊತೆ ನಿಂತಳು, ಆದರೆ ಅವರ ಜೊತೆಗೂ ಜಗಳವೇ. "ತಲೆಗೆ ಹೆಲ್ಮೆಟ್ ಚಿಪ್ಪು ಹಾಕ್ಕೊಂಡು ಹಾಡು ಹೇಳಿದ್ರೆ ಯಾರು ಹೆದರ್ತಾರೆ? ಎರಡು ಮಾತು ಬೈಯೋಕೆ ಕಲೀರಿ" ಎಂದು ಕಲಿಸಹೊರಟಳು. ನರ್ಸ್ ಒಬ್ಬಳೇ ನಕ್ಕಿದ್ದು. ಅವಳಿಗೆ ಕತ್ತರಿಯಮ್ಮನ ಗಂಡನ, ಆ ಲಿಫ್ಟಿನವನ, ಕಾಯಿಲೆ ಏನೆಂದು ಗೊತ್ತಿತ್ತು.

ಕೊನೆಗೆ ವಾರ್ಡಿನ ಮೆಂಬರು ಶಾಲೆಯ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದರು. ಇರಲಿ ಅನ್ನುವವರು ಒಂದು ಕಡೆ, ಕೀಳಿ ಅನ್ನುವವರು ಇನ್ನೊಂದು ಕಡೆ, ನಡುವೆ ಫ್ಯಾನಿನ ಸದ್ದು. ಕತ್ತರಿಯಮ್ಮ ಒಂದು ಉಪಾಯ ಹೂಡಿದ್ದಳು. ಬಾಯಲ್ಲಿ ಹೇಳಿದರೆ ಇವರು ನಂಬುವವರಲ್ಲ, ಕಣ್ಣಾರೆ ನೋಡಲಿ, ಎಂದು. ಗಂಡ ಮನೆಯಿಂದ ಸೈಕಲ್ಲಿನಲ್ಲಿ ಬಂದು ಶಾಲೆಯ ಅಂಗಳಕ್ಕೆ ಒಂದು ಸುತ್ತು ಹೊಡೆಯುವುದು, ಆಮೇಲೆ ಇಳಿದು ನಡೆಯುವುದಕ್ಕೆ ನೋಡುವುದು. ಎರಡನ್ನೂ ನೋಡಿದರೆ ಎಂಥ ಕಲ್ಲೆದೆಯೂ ಕರಗುತ್ತದೆ ಎಂದು ಅವಳ ಎಣಿಕೆ.

ಬಂದನಪ್ಪಾ ಮನುಷ್ಯ! ಅಷ್ಟು ಜನ ಕಿಟಕಿಯಲ್ಲಿ ಇಣುಕುವುದನ್ನು ನೋಡಿ ಅವನಿಗೂ ಹುರುಪು ಬಂತೋ ಏನೋ, ಒಂದು ಸುತ್ತು ಅಂದರೆ ಎರಡು ಸುತ್ತು ಹೊಡೆದ. ಗಂಟೆ ಬಾರಿಸಿದ. ಎಂದೂ ಇಲ್ಲದ್ದು, ಒಂದು ಕೈ ಬಿಟ್ಟು ಟಾಟಾ ಬೇರೆ ಮಾಡಿದ! ಜನ ಚಪ್ಪಾಳೆ ತಟ್ಟಿದರು. ಕತ್ತರಿಯಮ್ಮ ಹಲ್ಲು ಕಚ್ಚಿಕೊಂಡು, "ಸಾಕು ಇಳೀರಿ, ಸರ್ಕಸ್ ಅಲ್ಲ ಇದು" ಅಂದಳು.

ಅಷ್ಟರಲ್ಲಿ ತಮ್ಮ ಎದ್ದು ನಿಂತಿದ್ದ. "ನೋಡಿದ್ರಲ್ಲ ಸರ್. ಇವರೇ ಆ ರೋಗಿ. ನನಗಿಂತ ಚೆನ್ನಾಗಿ ಓಡಿಸ್ತಾರೆ. ನನಗೂ ಅಂಥ ರೋಗ ಬರಬಾರದಾ?"

ಸಭೆ ಗೊಳ್ಳೆಂದು ನಕ್ಕಿತು. ಆಗ ಲಿಫ್ಟಿನವನು ಚಹಾ ಅಂಗಡಿಯ ಗೆಳೆಯನ ಕೈ ಹಿಡಿದು ಇಳಿದು ಬಾಗಿಲವರೆಗೆ ಬಂದು ಅಂಟಿಕೊಂಡು ನಿಂತ. ಪಾದ ಏಳಲಿಲ್ಲ. "ಓಹೋ, ಈಗ ಶುರುವಾಯ್ತು ಆಕ್ಟಿಂಗು" ಎಂದು ಯಾರೋ ಹಿಂದಿನಿಂದ ಕೂಗಿದರು. ಕತ್ತರಿಯಮ್ಮ ಹೋಗಿ ಕಾಲು ಅಡ್ಡ ಇಟ್ಟಳು. ಅವನು ದಾಟಿ ಸರಸರ ನಡೆದು ಬಂದು ಬೆಂಚಿನ ಮೇಲೆ ಕೂತ. ಇನ್ನಷ್ಟು ನಗು. "ಸ್ವಿಚ್ಚು ಹೆಂಡ್ತಿ ಕಾಲಲ್ಲಿದೆ ಕಣ್ರೋ!" ಎಂದ ಕ್ಷೌರದ ಅಂಗಡಿಯವನು. ಔಷಧಿ ಅಂಗಡಿಯವಳು, "ದಿನಾ ನೋಡ್ತೀನಲ್ಲ ನಾನು, ಕಾಲು ಕೊಟ್ಟು ಬೀಳಿಸೋದು, ಈಗ ಇಲ್ಲಿ ನಾಟಕ" ಎಂದಳು. ನರ್ಸ್ ಎದ್ದು ಇದು ಹೀಗೇ ಇರುವ ಕಾಯಿಲೆ ಎಂದು ಹೇಳಲು ನೋಡಿದಳು. ಯಾರು ಕೇಳಬೇಕು? ಮೆಂಬರು ಕೂಡ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಗು ಮುಚ್ಚಿಕೊಂಡರು. ವರ್ತಕರ ಮಾತೇ ಗೆದ್ದಿತು. ಬರುವ ವಾರ, ಗುರುವಾರ, ಸೈಕಲ್ ದಾರಿ ಕೀಳುವುದು ಎಂದಾಯಿತು.

ಮನೆಗೆ ಬಂದ ಮೇಲೆ ಗಂಡ ಮೆತ್ತಗೆ ಹೇಳಿದ. "ಕೈ ಬೀಸಬಾರದಿತ್ತು ನಾನು."

"ಕರ್ಕೊಂಡು ಹೋಗಬಾರದಿತ್ತು ನಾನು" ಅಂದಳು. ಜೀವನದಲ್ಲಿ ಮೊದಲ ಸಲ ಅವಳಿಗೆ ಬೈಯಲು ಯಾರೂ ಸಿಗಲಿಲ್ಲ. ತನ್ನನ್ನೇ ಬೈದುಕೊಳ್ಳುವುದು ಹೇಗೆಂದು ಅಭ್ಯಾಸವಿರಲಿಲ್ಲ. ಅವನನ್ನು ಗೇಲಿಗೆ ಒಡ್ಡಿದ್ದು ಬೇರೆ ಯಾರೂ ಅಲ್ಲ, ತಾನೇ.

ಸೈಕಲ್ಲಿನವರೆಲ್ಲ ಆ ದಿನ ಒಟ್ಟಾಗಿ ಬಂದು ದಾರಿಯ ಮೇಲೆ ಕೂರುವುದು ಎಂದು ಮಾತಾಗಿತ್ತು. ಅದರ ವಾಸನೆ ಕಾರ್ಪೊರೇಷನ್ನಿಗೂ ಹೊಡೆದಿರಬೇಕು. ಹೇಳಿದ ದಿನಕ್ಕಿಂತ ಮುಂಚೆಯೇ, ಸೋಮವಾರ ಬೆಳಿಗ್ಗೆ, ಅಂಗಡಿಗಳ ಬಾಗಿಲು ತೆರೆಯುತ್ತಿದ್ದ ಹಾಗೆ ಲಾರಿ ಬಂದು ನಿಂತಿತು. ಬಣ್ಣ ಕೆರೆಯುವ ಯಂತ್ರ ಇಳಿಸಿದರು. ಗೂಟಗಳನ್ನು ಹಲ್ಲು ಕಿತ್ತ ಹಾಗೆ ಒಂದೊಂದೇ ಕೀಳತೊಡಗಿದರು. ಯಂತ್ರ ಗರ್ರೆಂದು ಶುರುವಾದಾಗ ಇಡೀ ಬೀದಿಗೆ ಹಸಿರು ಧೂಳೆದ್ದಿತು.

ಆ ಹೊತ್ತಿಗೆ ಕತ್ತರಿಯಮ್ಮ ಎಂದಿನಂತೆ ಸೈಕಲ್ ಹೊರಗೆ ತಂದು ನಿಲ್ಲಿಸಿ, ಗಂಡನನ್ನು ಹೊಸ್ತಿಲು ದಾಟಿಸಿದ್ದಳು. ಅವನು ಬೀದಿಗಿಳಿದು ಹಸಿರು ಪಟ್ಟಿಯ ಮೇಲೆ ಕಾಲಿಟ್ಟ. ಯಂತ್ರವನ್ನು ನೋಡಿದ. ಅಷ್ಟೇ, ನಿಂತುಬಿಟ್ಟ. ಪಟ್ಟಿಯ ನಟ್ಟನಡುವೆ, ಎರಡೂ ಪಾದ ಅಂಟಿ.

ಯಂತ್ರ ಕೆರೆಯುತ್ತ ಕೆರೆಯುತ್ತ ಬಂದು ಅವನ ಮುಂದೆ ನಿಂತಿತು. ಮೇಸ್ತ್ರಿ ಕೈ ಬೀಸಿದ. "ಯಜಮಾನ್ರೇ, ಪಕ್ಕಕ್ಕೆ ಬನ್ನಿ."

ಯಜಮಾನರು ಬರಲಿಲ್ಲ. ಯಂತ್ರ ನಿಲ್ಲಿಸಿ ಇನ್ನೊಮ್ಮೆ ಕರೆದ, ಗದರಿದ, ಪೊಲೀಸಿನವನನ್ನು ಕರೆತಂದ. ಇಬ್ಬರು ಕೂಲಿಯವರು ತೋಳು ಹಿಡಿದು ಎಳೆಯಲು ನೋಡಿದಾಗ ಅವನ ಮೈ ಮುಂದೆ ವಾಲಿತು, ಪಾದ ಮಾತ್ರ ಇದ್ದಲ್ಲೇ. ಕತ್ತರಿಯಮ್ಮ ಹಾರಿ ಬಂದಳು. "ಮುಟ್ಟಿದ್ರೆ ನೋಡಿ! ಬಿದ್ದು ಸೊಂಟ ಮುರಿದ್ರೆ ಯಾರಪ್ಪಾ ಹೊಣೆ? ನೀನಾ? ನೀನಾ?" ಕೂಲಿಯವರು ಕೈ ಬಿಟ್ಟು ಹಿಂದೆ ಸರಿದರು. ಅಷ್ಟರಲ್ಲಿ ಅವನ ಹಿಂದೆ ಸೈಕಲ್ಲುಗಳು ಬಂದು ನಿಲ್ಲತೊಡಗಿದವು. ಪಾಳಿ ಮುಗಿಸಿ ಬರುತ್ತಿದ್ದ ನರ್ಸ್, ಅವಳ ಹಿಂದೆ ಮಗುವನ್ನು ಕೂರಿಸಿಕೊಂಡ ತಾಯಿ, ಅವಳ ಹಿಂದೆ ಊಟದ ಡಬ್ಬಿಯವನು. ಯಾರೂ ಹಾಡು ಹೇಳಲಿಲ್ಲ. ಗಂಟೆ ಬಾರಿಸುತ್ತ ನಿಂತರು, ಅಷ್ಟೇ.

ಗದ್ದಲ ಕೇಳಿ ಸೋಫಾ ಸಾಹುಕಾರ ಓಡಿ ಬಂದ. ಕ್ಷೌರದವನೂ ಬಂದ, ಔಷಧಿ ಅಂಗಡಿಯವಳೂ ಬಂದಳು.

"ಅಕ್ಕ, ಏನಿದು? ಭಾವನ್ನ ಕರ್ಕೊಂಡು ಹೋಗು."

ಎಷ್ಟೋ ದಿನದ ಮೇಲೆ ತಮ್ಮ ಅವಳೊಡನೆ ಆಡಿದ ಮೊದಲ ಮಾತು. ಕತ್ತರಿಯಮ್ಮ ಎರಡೂ ಕೈ ಕಟ್ಟಿಕೊಂಡಳು.

"ನಾನ್ಯಾಕೆ? ಆಕ್ಟಿಂಗ್ ತಾನೇ? ನಡೀರಿ ಅಂತ ನೀನೇ ಹೇಳು, ನಡೀತಾರೆ."

"ಭಾವ, ಬನ್ನಿ ಈಕಡೆ. ಜನ ನೋಡ್ತಿದ್ದಾರೆ."

ಲಿಫ್ಟಿನವನ ತುಟಿ ಅಲುಗಿತು, ಕಾಲು ಅಲುಗಲಿಲ್ಲ. ಹಣೆಯಲ್ಲಿ ಬೆವರು. ಮೊಣಕಾಲು ಥರಥರ ನಡುಗುತ್ತಿತ್ತು, ಪಾದ ಮಾತ್ರ ಕಲ್ಲಿನ ಹಾಗೆ. ಅಷ್ಟು ಹತ್ತಿರದಿಂದ ತಮ್ಮ ಅದನ್ನು ಎಂದೂ ನೋಡಿರಲಿಲ್ಲ. ಔಷಧಿ ಅಂಗಡಿಯವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ನಿಜವಾಗ್ಲೂ ಬರ್ತಾ ಇಲ್ವಲ್ಲ... ಕತ್ತರಿಯಮ್ಮ, ಕಾಲಿಡಮ್ಮಾ, ನೀನು ದಿನಾ ಇಡ್ತೀಯಲ್ಲ ಹಾಗೆ..."

"ಬೀಳಿಸೋಕೆ ಇಡೋ ಕಾಲು ತಾಯಿ ಅದು. ನೀನೇ ಸಾರಿದ್ದೀಯಲ್ಲ ಊರಿಗೆಲ್ಲ."

ಈಗ ಎಲ್ಲರೂ ಅವಳನ್ನೇ ಬೇಡುತ್ತಿದ್ದರು. ಪೊಲೀಸಿನವನು ಬೇಡಿದ, ಮೇಸ್ತ್ರಿ ಬೇಡಿದ, ನಕ್ಕವರೆಲ್ಲ ಬೇಡಿದರು. ಆಹಾ, ಎಂಥ ಸುಖ! ಒಂದು ಗಳಿಗೆ ಅವಳು ಅದನ್ನು ಚಪ್ಪರಿಸಿದಳು. ಮರುಗಳಿಗೆಗೆ ಅವಳ ಕಣ್ಣು ಗಂಡನ ಗಲ್ಲದ ಮೇಲೆ ಬಿತ್ತು. ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವನಿಗೆ ಕೈ ಎತ್ತಲಾಗುತ್ತಿರಲಿಲ್ಲ. ಮತ್ತೆ ಅದೇ ಜನ, ಮತ್ತೆ ಅದೇ ನೋಟ. ಸಭೆಯಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡುತ್ತಿದ್ದೇನಲ್ಲ, ಅವನನ್ನು ನಿಲ್ಲಿಸಿಕೊಂಡು ನನ್ನ ಹಟ ಗೆಲ್ಲುತ್ತಿದ್ದೇನಲ್ಲ, ಎಂದು ಅವಳಿಗೆ ಹೊಳೆಯಿತು. ಹಾಳಾಗಿ ಹೋಗಲಿ ಈ ದಾರಿ. ಅವಳು ಕಟ್ಟಿದ ಕೈ ಬಿಟ್ಟು, ಹತ್ತಿರ ಹೋಗಿ, ಸೆರಗಿನಲ್ಲಿ ಅವನ ಬಾಯಿ ಒರೆಸಿ, ತನ್ನ ಪಾದವನ್ನು ಅವನ ಪಾದದ ಮುಂದೆ ಅಡ್ಡ ಇಟ್ಟಳು.

"ದಾಟಿ. ಮನೆಗೆ ಹೋಗೋಣ."

ಅವನು ಅವಳ ಪಾದವನ್ನು ನೋಡಿದ. ದಾಟಲಿಲ್ಲ.

"ರೀ, ದಾಟಿ ಅಂದೆ."

ಅವನ ತುಟಿ ಮತ್ತೆ ಅಲುಗಿತು. ಅವಳು ಕಿವಿ ಹತ್ತಿರ ತಂದಳು. ಕೇಳಿ ಅವಳ ಮುಖವೇ ಬದಲಾಯಿತು.

"ಏನಂದ್ರಮ್ಮಾ?" ಎಂದ ಪೊಲೀಸಿನವನು.

"ಬೇಡ ಅಂದ್ರು."

"ಬೇಡ ಅಂದ್ರೆ? ಬರೋಕಾಗಲ್ಲ ಅಂತಲೋ, ಬರಲ್ಲ ಅಂತಲೋ?"

ಅದು ಅವಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನ ಪಾಲಿನ ಮಾತನ್ನೆಲ್ಲ ತಾನೇ ಆಡಿದವಳು, ಈ ಒಂದು ಮಾತನ್ನು ಮಾತ್ರ ಅವನಿಗೇ ಬಿಟ್ಟಳು.

ಸೋಫಾ ಸಾಹುಕಾರನಿಗೆ ತಡೆಯಲಾಗಲಿಲ್ಲ. ಅಕ್ಕನನ್ನು ಪಕ್ಕಕ್ಕೆ ಸರಿಸಿ, ತಾನೇ ಮುಂದೆ ಬಂದು, ಫಳಫಳ ಹೊಳೆಯುವ ತನ್ನ ಬೂಟುಗಾಲನ್ನು ಭಾವನ ಪಾದದ ಮುಂದೆ ಅಡ್ಡ ಇಟ್ಟ. "ದಾಟಿ ಭಾವ. ನಿಮ್ಮ ಕಾಲಿಗೆ ಬೀಳ್ತೀನಿ, ದಾಟಿ."

ಲಿಫ್ಟಿನವನು ಆ ಬೂಟನ್ನು ನೋಡಿದ. ಭಾಮೈದುನನ ಮುಖ ನೋಡಿದ. ಆಮೇಲೆ ಎದೆಯ ತಳದಿಂದ ಉಸಿರು ಎಳೆದುಕೊಂಡು, ಆ ಕಾಯಿಲೆ ಬಂದ ಮೇಲೆ ಯಾರೂ ಕೇಳಿರದಷ್ಟು ಗಟ್ಟಿಯಾಗಿ ಹೇಳಿದ.

"ಕಾಲು ತೆಗಿಯಪ್ಪಾ. ಹಿಂದೆ ಸೈಕಲ್ ಬರ್ತವೆ."

ಸೋಫಾ ಸಾಹುಕಾರ ಕಾಲು ತೆಗೆದ. ಮೇಸ್ತ್ರಿ ತಲೆ ಕೆರೆದುಕೊಂಡು ಲಾರಿಯ ನೆರಳಿಗೆ ಹೋಗಿ ಕೂತ. ಯಾರೋ ಕುರ್ಚಿ ತಂದರು, ಲಿಫ್ಟಿನವನು ಕೂರಲಿಲ್ಲ. ಕತ್ತರಿಯಮ್ಮ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿ ಬಂದಳು. ಗಂಡನ ಪಕ್ಕದಲ್ಲಿ, ಅವನ ಪಾದಕ್ಕೆ ತನ್ನ ಪಾದ ಒತ್ತಿ, ಹಸಿರು ಪಟ್ಟಿಯ ಮೇಲೆ ಯಂತ್ರಕ್ಕೆ ಮುಖ ಮಾಡಿ ನಿಂತಳು.